ಹಾಳು ಹಂಪೆಯೂ ಆಚೆಯ ದಡವೂ

ಹಾಳೂರನ್ನು ನೋಡಿ ಬಂದು ಬರೆಯುವುದು ಸುಲಭವೆಂದು ಮೇಲುನೋಟಕ್ಕೆ ತೋರುತ್ತದೆ. ವಾಸ್ತವವಾಗಿ ಅದು ಕಷ್ಟದ ಕೆಲಸ. ಬಾಳುವ ಊರು ತನ್ನ ಸುದ್ದಿಯನ್ನು ತಾನೇ ಹೇಳಿಕೊಳ್ಳುತ್ತದೆ. ಸಂತೆಯ ಗದ್ದಲ, ನೀರಿಗೆ ಹೋಗುವವರ ಮಾತು, ಗುಡಿಯ ಗಂಟೆ ಇವೆಲ್ಲ ನೋಡುವವನ ಕಲ್ಪನೆಗೆ ಅಂಕೆ ಹಾಕುತ್ತವೆ. ಹಾಳೂರು ಮೌನವಾಗಿರುವುದು. ಆದುದರಿಂದ ಪ್ರವಾಸಿಯು ತಾನು ಮನೆಯಿಂದ ಹೊತ್ತು ತಂದ ಮಾತನ್ನೇ ಕಲ್ಲಿನ ಬಾಯಲ್ಲಿ ಹೇಳಿಸಿ, ಕಲ್ಲೇ ಅದನ್ನು ನುಡಿಯಿತೆಂದು ನಂಬುವನು. ಹಂಪೆಯನ್ನು ಕುರಿತ ಕನ್ನಡ ಪ್ರವಾಸಗದ್ಯದಲ್ಲಿ ಬಹುಮಟ್ಟಿಗೆ ನಡೆದಿರುವುದು ಇದೇ.

'ಹಾಳು ಹಂಪೆ' ಎಂಬ ಜೋಡಿಮಾತು ಕನ್ನಡಿಗರ ನಾಲಗೆಯ ಮೇಲೆ ಎಷ್ಟು ಗಟ್ಟಿಯಾಗಿ ಕುಳಿತಿದೆಯೆಂದರೆ, ಹಾಳು ಎಂಬ ವಿಶೇಷಣವಿಲ್ಲದೆ ಹಂಪೆಯ ಹೆಸರನ್ನು ಹೇಳುವುದೇ ಅಪೂರ್ವವಾಗಿದೆ. ಜನರ ಹಳೆಯ ಗಾದೆಯ ದಾರಿ ಬೇರೆ. ಹಂಪೆಗೆ ಹೋಗುವುದಕ್ಕಿಂತ ಕೊಂಪೆಯಲ್ಲಿರುವುದು ಲೇಸು ಎಂಬ ಮಾತಿನಲ್ಲಿ ಹಂಪೆಯು ಹಾಳಲ್ಲ, ದೊಡ್ಡ ಊರು. ಹಾಳಾಗಿರುವುದು ಕೊಂಪೆ. ಗಾದೆಯು ಉಳಿಸಿಕೊಂಡ ಈ ವ್ಯತ್ಯಾಸವನ್ನು ಗ್ರಂಥಸ್ಥ ಗದ್ಯವು ಕಳೆದುಕೊಂಡಿತು. ಈ ವಿಶೇಷಣವು ಎಲ್ಲಿಂದ ಬಂದಿತು, ಅದು ಏನನ್ನು ತೋರಿಸಿತು, ಏನನ್ನು ಮರೆಮಾಡಿತು ಎಂದು ವಿಚಾರಿಸುವುದು ಬರಿಯ ಶಬ್ದಚರ್ಚೆಯಲ್ಲ. ಜನರು ಒಂದು ಊರನ್ನು ಯಾವ ಮಾತಿನಿಂದ ನೋಡಲು ಕಲಿಯುವರೋ ಆ ಮಾತಿಗೆ ತಕ್ಕಂತೆಯೇ ಆ ಊರಿನಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂಬ ನಿರ್ಣಯವೂ ನಡೆಯುತ್ತದೆ.

ಈ ವಿಚಾರಕ್ಕೆ ತಕ್ಕ ಆರಂಭ ಪೋರ್ತುಗೀಜನಾದ ದೊಮಿಂಗೋ ಪಾಯೆಸನ ವೃತ್ತಾಂತ. ಇವನು ಸುಮಾರು ೧೫೨೦ರಿಂದ ೧೫೨೨ರ ಅವಧಿಯಲ್ಲಿ, ಕೃಷ್ಣದೇವರಾಯನು ಆಳುತ್ತಿದ್ದಾಗ, ವಿಜಯನಗರಕ್ಕೆ ಬಂದವನು. ನಗರವು ರೋಮಿನಷ್ಟು ದೊಡ್ಡದೆಂದು ತನಗೆ ತೋರಿತೆಂದು ಇವನು ಬರೆದಿರುವುದು ಪ್ರಸಿದ್ಧವಾಗಿದೆ; ಹಂಪೆಯ ಕೈಪಿಡಿಗಳು ತಪ್ಪದೆ ಎತ್ತಿ ಹೇಳುವ ಮಾತು ಇದು. ಆದರೆ ಆ ಮಾತಿನ ಸುತ್ತಲೂ ಇರುವುದನ್ನು ಓದುವವರು ಕಡಿಮೆ. ಪಾಯೆಸನು ಗುಡ್ಡವನ್ನು ಹತ್ತಿ ನಗರವನ್ನು ನೋಡಿದನು. ಬೆಟ್ಟದ ಸಾಲುಗಳ ನಡುವೆ ನಗರವು ಹಂಚಿಹೋಗಿರುವುದರಿಂದ ಪೂರ್ತಿಯಾಗಿ ಕಾಣಲಿಲ್ಲವೆಂದು ಒಪ್ಪಿಕೊಂಡನು. ಅನಂತರ ಅವನ ಕಣ್ಣು ಹೋದದ್ದು ಮನೆಗಳ ನಡುವಣ ತೋಪುಗಳಿಗೆ, ನೀರಿನ ಕಾಲುವೆಗಳಿಗೆ, ಕೆರೆಗಳಿಗೆ. ಪೇಟೆಯ ವಜ್ರ ಮುತ್ತುಗಳನ್ನು ಹೇಳಿದಂತೆಯೇ ಅಕ್ಕಿ, ಗೋದಿ, ಹೆಸರು, ಹುರುಳಿಗಳನ್ನೂ ಅವನು ಹೆಸರಿಸಿದನು. ಮುಂದಿನವರು ರತ್ನಗಳನ್ನು ಇಟ್ಟುಕೊಂಡು ಹುರುಳಿಯನ್ನು ಬಿಟ್ಟರು.

ಪಾಯೆಸನ ವೃತ್ತಾಂತದಲ್ಲಿ ಇನ್ನೊಂದು ಸಂಗತಿಯಿದೆ. ಗಂಗಾವತಿಯ ಸೀಮೆಯ ಓದುಗರಿಗೆ ಅದು ವಿಶೇಷವಾಗಿ ಸೇರಿದ್ದು. ಹೊಳೆಯ ಬಡಗಣ ದಡದಲ್ಲಿ ಆನೆಗೊಂದಿಯೆಂಬ ಊರಿದೆಯೆಂದೂ, ಹಿಂದೆ ಅದೇ ರಾಜಧಾನಿಯಾಗಿತ್ತೆಂದು ಹೇಳುವರೆಂದೂ, ಈಗ ಅಲ್ಲಿ ಜನ ಕಡಿಮೆಯೆಂದೂ ಅವನು ತಿಳಿಸುತ್ತಾನೆ. ಅಲ್ಲಿಗೆ ಹೋಗುವ ದೋಣಿಯನ್ನು ಅವನು ವರ್ಣಿಸಿದ ಬಗೆ ಮೆಚ್ಚತಕ್ಕದ್ದು. ಬುಟ್ಟಿಯಂತೆ ದುಂಡಾಗಿ ಹೆಣೆದು ಹೊರಗೆ ತೊಗಲನ್ನು ಹೊದಿಸಿದ ದೋಣಿ. ಹದಿನೈದು ಇಪ್ಪತ್ತು ಮಂದಿ ಕೂರಬಹುದು. ಹುಟ್ಟು ಹಾಕಿದರೂ ನೆಟ್ಟಗೆ ಹೋಗದೆ ತಿರುಗುತ್ತ ತಿರುಗುತ್ತ ಹೋಗುವುದು. ಇದು ಹರಿಗೋಲು. ಹೊದಿಕೆ ಈಗ ತೊಗಲಿನದಲ್ಲ, ಪ್ಲಾಸ್ಟಿಕ್ಕಿನದು. ಆದರೆ ಆ ತಿರುಗುವ ನಡೆ ಇಂದಿಗೂ ತುಂಗಭದ್ರೆಯ ಮೇಲೆ ಕಾಣಸಿಗುತ್ತದೆ. ಆಗಲೇ ಪಾಳುಬಿದ್ದಂತಿದ್ದ ಊರಿನ ಬಗೆಗೆ ಪಾಯೆಸನು ಕಣ್ಣೀರು ಸುರಿಸಲಿಲ್ಲ. ಅಲ್ಲಿಗೆ ಜನ ಹೇಗೆ ಹೋಗುತ್ತಾರೆಂದು ನೋಡಿದನು. ಒಳ್ಳೆಯ ಪ್ರವಾಸಗದ್ಯದ ಲಕ್ಷಣವನ್ನು ಹೇಳುವಾಗ ಈ ಭಾಗವನ್ನು ಮಾದರಿಯಾಗಿ ಇಡಬಹುದು. ಕಾಣದಿದ್ದುದನ್ನು ಕಾಣಲಿಲ್ಲವೆಂದೂ, ಕೇಳಿದ್ದನ್ನು ಕೇಳಿದ್ದೆಂದೂ, ಕಂಡದ್ದನ್ನು ಕಂಡಂತೆಯೂ ಹೇಳುವುದೇ ಆ ಲಕ್ಷಣ.

ರಕ್ಕಸಗಿ ತಂಗಡಗಿಯ ಯುದ್ಧವು ೧೫೬೫ರಲ್ಲಿ ನಡೆಯಿತು. ಎರಡು ವರ್ಷಗಳ ಮೇಲೆ, ೧೫೬೭ರಲ್ಲಿ, ವೆನಿಸಿನ ವರ್ತಕನಾದ ಸೀಜರ್ ಫ್ರೆಡರಿಕ್ ಬಂದು ಏಳು ತಿಂಗಳು ಅಲ್ಲಿದ್ದನು. ಅವನು ಬರೆದಿರುವುದರಲ್ಲಿ ಎರಡು ಅಂಶಗಳನ್ನು ಬೇರೆಬೇರೆಯಾಗಿ ಗಮನಿಸಬೇಕು. ನಗರವು ಪೂರ್ತಿಯಾಗಿ ನಾಶವಾಗಿರಲಿಲ್ಲ, ಮನೆಗಳು ನಿಂತೇ ಇದ್ದುವು, ಆದರೆ ಬರಿದಾಗಿದ್ದುವು ಎಂಬುದು ಒಂದು. ಆ ಮನೆಗಳಲ್ಲಿ ಹುಲಿಯೇ ಮೊದಲಾದ ಕಾಡುಮೃಗಗಳು ಸೇರಿಕೊಂಡಿದ್ದುವು ಎಂಬುದು ಇನ್ನೊಂದು. ಎರಡನೆಯದನ್ನು ಅವನು ಜನ ಹೇಳುವ ಮಾತೆಂದು ಗುರುತುಮಾಡಿಯೇ ಬರೆದಿರುವನು. ಏಳು ತಿಂಗಳು ಇದ್ದವನು ಹುಲಿಯನ್ನು ಕಂಡೆನೆಂದು ಹೇಳಲಿಲ್ಲ. ಅವನ ತರುವಾಯದ ಬರೆಹಗಳಲ್ಲಿ ಮೊದಲು ಉದುರಿಹೋದದ್ದು ಈ ಎಚ್ಚರಿಕೆ. ನಿಂತಿದ್ದ ಮನೆಗಳು ಮರೆತುಹೋಗಿ, ಕೇಳಿದ ಹುಲಿ ಮಾತ್ರ ಉಳಿಯಿತು. ಹಾಳು ಎಂಬ ಮಾತಿನ ಬೆಳವಣಿಗೆಯನ್ನು ಇಲ್ಲಿಂದ ಹಿಡಿಯಬಹುದು.

ಆ ಬೆಳವಣಿಗೆಗೆ ಗ್ರಂಥರೂಪವು ಬಂದದ್ದು ೧೯೦೦ರಲ್ಲಿ. ಮದ್ರಾಸಿನ ಅಧಿಕಾರಿಯಾಗಿದ್ದ ರಾಬರ್ಟ್ ಸೂಯೆಲ್ಲರು ವಿಜಯನಗರದ ಚರಿತ್ರೆಯನ್ನು ಬರೆದು, ಪಾಯೆಸ್ ಮತ್ತು ನೂನಿಜರ ವೃತ್ತಾಂತಗಳನ್ನು ಇಂಗ್ಲಿಷಿಗೆ ತಂದು ಅದರೊಡನೆ ಸೇರಿಸಿದರು. ಈ ಗ್ರಂಥದ ಉಪಕಾರವು ದೊಡ್ಡದು. ಅದಿಲ್ಲದಿದ್ದರೆ ಪ್ಯಾರಿಸಿನ ಗ್ರಂಥಾಲಯದಲ್ಲಿದ್ದ ಆ ಹಸ್ತಪ್ರತಿಯ ಸುದ್ದಿ ಕನ್ನಡನಾಡನ್ನು ಮುಟ್ಟಲು ಇನ್ನೆಷ್ಟು ಕಾಲವಾಗುತ್ತಿತ್ತೋ ಹೇಳಬರುವಂತಿಲ್ಲ. ಆದರೆ ಸೂಯೆಲ್ಲರು ಗ್ರಂಥಕ್ಕೆ 'ಮರೆತುಹೋದ ಸಾಮ್ರಾಜ್ಯ' ಎಂಬ ಅರ್ಥದ ಹೆಸರನ್ನಿಟ್ಟರು. ಮರೆತವರು ಯಾರು ಎಂಬ ಪ್ರಶ್ನೆಯನ್ನು ಕನ್ನಡದ ಓದುಗನು ಇಲ್ಲಿ ಕೇಳಬೇಕಾಗಿತ್ತು. ವಿರೂಪಾಕ್ಷನ ತೇರನ್ನು ಎಳೆಯುತ್ತಿದ್ದವರು ಮರೆತಿರಲಿಲ್ಲ. ಆನೆಗೊಂದಿಯಲ್ಲಿ ತಮ್ಮ ವಂಶವು ಆ ಅರಸರದೆಂದು ಹೇಳಿಕೊಂಡು ಬಾಳುತ್ತಿದ್ದ ಮನೆತನವು ಮರೆತಿರಲಿಲ್ಲ. ರಾಯರ ಕಾಲುವೆಯ ನೀರನ್ನು ಸರದಿಯಂತೆ ಗದ್ದೆಗೆ ಬಿಟ್ಟುಕೊಳ್ಳುತ್ತಿದ್ದ ಒಕ್ಕಲಿಗರು ಮರೆತಿರಲಿಲ್ಲ. ಮರೆವು ಇಂಗ್ಲಿಷ್ ಓದುಗರದು. ಕನ್ನಡದ ವಿದ್ಯಾವಂತರು ಆ ಮರೆವನ್ನು ತಮ್ಮದೆಂದು ಸ್ವೀಕರಿಸಿ ಪಶ್ಚಾತ್ತಾಪಪಟ್ಟರು.

ಆ ಪಶ್ಚಾತ್ತಾಪವು ನಿಷ್ಫಲವಾಯಿತೆಂದು ಹೇಳಿದರೆ ಅನ್ಯಾಯವಾಗುವುದು. ಆಲೂರು ವೆಂಕಟರಾಯರು ೧೯೦೫ರಲ್ಲಿ ಹಂಪೆ ಆನೆಗೊಂದಿಗಳನ್ನು ನೋಡಿದುದು ಅವರ ಬಾಳಿನ ದಾರಿಯನ್ನೇ ತಿರುಗಿಸಿತು. ಅವರ 'ಕರ್ನಾಟಕ ಗತವೈಭವ'ವು ೧೯೧೭ರಲ್ಲಿ ಹೊರಬಂದಿತು. ಆಗ ಕನ್ನಡನಾಡು ಮುಂಬಯಿ, ಮದ್ರಾಸು, ಮೈಸೂರು, ಹೈದರಾಬಾದು, ಕೊಡಗು ಎಂದು ಹರಿದುಹೋಗಿದ್ದಿತು. ತಾವೆಲ್ಲ ಒಂದೇ ಜನವೆಂಬುದನ್ನು ಕನ್ನಡಿಗರಿಗೆ ತೋರಿಸಲು ಎಲ್ಲರೂ ಸೇರಿ ಅಳಬಹುದಾದ ಒಂದು ಸ್ಥಳ ಬೇಕಾಗಿತ್ತು. ಹಂಪೆಯು ಆ ಸ್ಥಳವಾಯಿತು. ವಿಜಯನಗರದ ಆರುನೂರನೆಯ ವರ್ಷದ ಸ್ಮಾರಕ ಸಂಪುಟವು ೧೯೩೬ರಲ್ಲಿ ಧಾರವಾಡದಲ್ಲಿ ಪ್ರಕಟವಾದುದೂ ಇದೇ ಹುರುಪಿನಿಂದ. ಅಂದಿನ ಶೋಕವು ಕೆಲಸವುಳ್ಳ ಶೋಕ. ನಾಡು ೧೯೫೬ರಲ್ಲಿ ಒಂದಾದಾಗ ಆ ಕೆಲಸವು ಕೈಗೂಡಿತು. ವಿ. ಸೀತಾರಾಮಯ್ಯನವರು ಹೊಸಗನ್ನಡದ ಪ್ರವಾಸಗದ್ಯದಲ್ಲಿ ಮೊದಲ ಸಾಲಿಗೆ ಸೇರಿದ ತಮ್ಮ ಪುಸ್ತಕಕ್ಕೆ 'ಪಂಪಾಯಾತ್ರೆ' ಎಂದು ಹೆಸರಿಟ್ಟುದೂ ಇಲ್ಲಿ ಸ್ಮರಣೀಯ. ಹಾಳು ಎಂಬ ಮಾತು ಆ ಹೆಸರಿನಲ್ಲಿಲ್ಲ. ಯಾತ್ರೆಯೆಂದರೆ ಇರುವ ದೇವರ ಬಳಿಗೆ ಹೋಗುವುದು. ಇಲ್ಲದುದನ್ನು ನೆನೆದು ನಿಟ್ಟುಸಿರು ಬಿಡುವುದಲ್ಲ.

ಆಕ್ಷೇಪವು ಇರುವುದು ಕೆಲಸ ಮುಗಿದ ಮೇಲೂ ಮುಂದುವರಿದ ಶೋಕದ ಬಗೆಗೆ. ಹಿರಿಯರಲ್ಲಿ ಅನುಭವವಾಗಿದ್ದುದು ಹಿಂಬಾಲಿಸಿದವರಲ್ಲಿ ಅಭ್ಯಾಸವಾಯಿತು. ಹಂಪೆಯ ಪ್ರವಾಸಲೇಖನವೆಂದರೆ ಇಂತಿಂಥ ಭಾಗಗಳು ಇರಲೇಬೇಕೆಂಬ ಕಟ್ಟಳೆಯೇ ಏರ್ಪಟ್ಟಿತು. ಹೊಸಪೇಟೆಯಲ್ಲಿ ಇಳಿಯುವುದು, ಮುತ್ತುರತ್ನಗಳನ್ನು ಬೀದಿಯಲ್ಲಿ ರಾಶಿ ಹಾಕಿ ಅಳೆದು ಮಾರಿದ ಕಾಲವನ್ನು ನೆನೆಯುವುದು, ವಿಠ್ಠಲನ ಗುಡಿಯ ಕಲ್ಲಿನ ತೇರಿನ ಮುಂದೆ ಮೂಕನಾಗುವುದು, ಉಗ್ರನರಸಿಂಹನ ಭಗ್ನಮೂರ್ತಿಯೆದುರು ಕಣ್ಣೊರೆಸಿಕೊಳ್ಳುವುದು, ಮಾತಂಗಪರ್ವತದ ಮೇಲಿಂದ ಸೂರ್ಯಾಸ್ತವನ್ನು ನೋಡುತ್ತ ವೈಭವದ ಅಸ್ಥಿರತೆಯನ್ನು ಕುರಿತು ನಾಲ್ಕು ಮಾತು ಹೇಳುವುದು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಹೋಗದೆಯೇ ಇದನ್ನೆಲ್ಲ ಬರೆಯಬಹುದು. ಹೋಗದೆಯೂ ಬರೆಯಬಹುದಾದ ಪ್ರವಾಸಗದ್ಯವು ತನ್ನ ಧರ್ಮವನ್ನು ಬಿಟ್ಟಿತೆಂದೇ ತಿಳಿಯಬೇಕು.

ಈ ಕಟ್ಟಳೆಯ ದೊಡ್ಡ ದೋಷಗಳು ಎರಡು. ಅದು ಒಂದೇ ದಡವನ್ನು ಬಲ್ಲುದು. ಒಂದೇ ಇಸವಿಯನ್ನು ಬಲ್ಲುದು.

ಒಂದೇ ದಡದ ಮಾತಿಗೆ ರಾಜಕೀಯ ಕಾರಣವಿದೆ. ಹಂಪೆಯಿರುವ ಬಳ್ಳಾರಿಯ ಸೀಮೆಯು ಮದ್ರಾಸು ಆಧಿಪತ್ಯಕ್ಕೆ ಸೇರಿದ್ದಿತು. ಎದುರಿನ ಆನೆಗೊಂದಿ, ಗಂಗಾವತಿ, ಕೊಪ್ಪಳಗಳು ೧೯೪೮ರ ಸೆಪ್ಟೆಂಬರಿನವರೆಗೆ ಹೈದರಾಬಾದಿನ ನಿಜಾಮರ ಸೀಮೆಯಲ್ಲಿದ್ದುವು. ಒಂದೇ ರಾಜಧಾನಿಯ ಎರಡು ಭಾಗಗಳ ನಡುವಣ ಹೊಳೆಯು ಎರಡು ಸರಕಾರಗಳ ಗಡಿಯಾಯಿತು. ಪ್ರಾಚ್ಯಸಂಶೋಧನೆಯೂ ಹಾಗೆಯೇ ಒಡೆಯಿತು. ಹಂಪೆಯ ಅವಶೇಷಗಳನ್ನು ಕುರಿತು ೧೯೧೭ರಲ್ಲಿ ಬಂದ ಲಾಂಗ್‌ಹರ್ಸ್ಟರ ಕೈಪಿಡಿಯು ಮದ್ರಾಸಿನ ಕಡೆಯದು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ೧೯೩೧ರಲ್ಲಿ ದೊರೆತ ಅಶೋಕನ ಶಾಸನಗಳ ಪ್ರಕಟಣೆಯು ಹೈದರಾಬಾದಿನ ಕಡೆಯದು. ಎರಡನ್ನೂ ಒಂದೇ ಮಣೆಯ ಮೇಲಿಟ್ಟು ಓದಿದ ಪ್ರವಾಸಿಗರು ವಿರಳ. ನಾಡು ಒಂದಾದ ಮೇಲೂ ಹೊಳೆಯು ಜಿಲ್ಲೆಯ ಗಡಿಯಾಗಿಯೇ ಉಳಿಯಿತು. ಕೊಪ್ಪಳ ಜಿಲ್ಲೆಯು ೧೯೯೭ರಲ್ಲಿಯೂ ವಿಜಯನಗರ ಜಿಲ್ಲೆಯು ೨೦೨೧ರಲ್ಲಿಯೂ ಏರ್ಪಟ್ಟುವು. ಹಂಪೆಯೊಂದು ಜಿಲ್ಲೆ, ಆನೆಗೊಂದಿಯೊಂದು ಜಿಲ್ಲೆ. ಬಡಗಣ ದಡದ ವಿರುಪಾಪುರಗಡ್ಡೆಯು ಬಹುಕಾಲ ದೂರದ ಪ್ರವಾಸಿಗರಿಗೆ ಉಳಿದುಕೊಳ್ಳುವ ತಾಣವಾಗಿಯೇ ಪರಿಚಿತವಾಗಿತ್ತು. ಅಲ್ಲಿಯ ವಸತಿಗೃಹಗಳನ್ನು ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಮೇರೆಗೆ ೨೦೨೦ರಲ್ಲಿ ತೆಗೆಯಲಾಯಿತು. ಆಚೆಯ ದಡವೆಂದರೆ ಹಂಪೆಯನ್ನು ನೋಡಲು ಅನುಕೂಲವಾದ ಜಗಲಿ ಎಂಬ ಭಾವನೆಯು ಇದರಿಂದ ಬಲಿಯಿತೇ ಹೊರತು ಕರಗಲಿಲ್ಲ.

ಒಂದೇ ಇಸವಿಯ ದೋಷವು ಇದಕ್ಕಿಂತ ಆಳವಾದದ್ದು. ೧೫೬೫ ಎಂಬ ಅಂಕೆಯನ್ನು ಹಿಡಿದು ನೋಡುವವನಿಗೆ ಎಲ್ಲವೂ ಅದಕ್ಕೆ ಮುನ್ನ ಅಥವಾ ಅದರಿಂದಾಚೆಗೆ. ಆದರೆ ಮರಳಿಯ ಕಡೆಯಿಂದಲೋ ಗಂಗಾವತಿಯಿಂದಲೋ ಹೊರಟು ಹೊಳೆಯತ್ತ ಬರುವವನಿಗೆ ಕಾಲವು ಹಾಗೆ ತೋರುವುದಿಲ್ಲ. ಅವನ ಸೀಮೆಯಲ್ಲಿ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಅರಸರ ಹೆಸರುಗಳು ಹುಟ್ಟುವುದಕ್ಕೆ ಮೊದಲೇ ಜನರು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ಆ ಮನೆಗಳನ್ನು ಹಳ್ಳಿಯವರು ಮೋರ್ಯರ ಮನೆಗಳೆನ್ನುವರು. ಅವನ ಕೊಪ್ಪಳವು ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸಲ್ಪಟ್ಟ ಕೊಪಣ, ಜೈನರ ಮಹಾತೀರ್ಥ. ಇಟಗಿಯ ಮಹಾದೇವಾಲಯವು ೧೧೧೨ರಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನಿಂದ ಆದುದು. ಕುಮ್ಮಟದುರ್ಗದಲ್ಲಿ ಕಂಪಿಲರಾಯನೂ ಕುಮಾರರಾಮನೂ ದಿಲ್ಲಿಯ ದಂಡನ್ನು ಎದುರಿಸಿ ಅಳಿದದ್ದು ವಿಜಯನಗರದ ಹುಟ್ಟಿಗೆ ಕೆಲವೇ ವರ್ಷಗಳ ಹಿಂದೆ. ಒಂದು ಪಟ್ಟಣವು ಬಿದ್ದ ಮೇಲೆ ಇನ್ನೊಂದು ಎದ್ದುದು ಈ ನೆಲದಲ್ಲಿ ಹೊಸತಲ್ಲ. ಇವನ್ನೆಲ್ಲ ಕಂಡವನು ಹಂಪೆಯನ್ನು ಸೇರಿದಾಗ ಅದನ್ನು ಲೋಕದ ಕೊನೆಯೆಂದು ಭಾವಿಸಲಾರನು. ಉದ್ದವಾದ ಒಂದು ಕಥೆಯ ನಡುವಣ ಅಧ್ಯಾಯವೆಂದು ಓದುವನು.

ಹಂಪೆಯು ಸಾಮ್ರಾಜ್ಯದ ಊರಾಗುವುದಕ್ಕಿಂತ ಮುಂಚೆಯೇ ಕನ್ನಡ ಕಾವ್ಯದ ಊರಾಗಿದ್ದಿತು ಎಂಬುದನ್ನೂ ಈ ಗದ್ಯವು ಹೆಚ್ಚಾಗಿ ಮರೆಯಿಸಿದೆ. ರಗಳೆಗಳ ಹರಿಹರನು ಹಂಪೆಯ ವಿರೂಪಾಕ್ಷನನ್ನು ಸೇವಿಸುತ್ತ ಅಲ್ಲಿ ಬಾಳಿದನು. ಗಿರಿಜಾಕಲ್ಯಾಣವೂ ಪಂಪಾಶತಕವೂ ಅವನವು. ಅವನ ಸೋದರಳಿಯ ರಾಘವಾಂಕನು ಅಲ್ಲಿಯೇ ಅವನ ಶಿಷ್ಯನಾದನು. ಆಗ ಅಲ್ಲಿ ಆನೆಲಾಯವಿರಲಿಲ್ಲ, ಮಹಾನವಮಿಯ ದಿಬ್ಬವಿರಲಿಲ್ಲ. ಹೊಳೆ, ಬಂಡೆ, ದೇವರು ಇದ್ದುವು. ಕೃಷ್ಣದೇವರಾಯನ ಅರಮನೆಯ ತಳಹದಿಯನ್ನು ಹೊಗಳುವ ಲೇಖಕರು ಹರಿಹರನು ಹೂವು ಬಿಡಿಸಿದ ನೆಲವೂ ಇದೇ ಎಂದು ಒಂದು ಸಲವಾದರೂ ನೆನೆಯಬೇಡವೇ? ಸಾಹಿತ್ಯವನ್ನು ಓದಿದವರೇ ಹಂಪೆಯನ್ನು ಬರಿಯ ರಾಜಧಾನಿಯೆಂದು ನೋಡಿದರೆ, ಆ ಊರಿನ ಮೇಲೆ ಕನ್ನಡ ನುಡಿಗಿರುವ ಹಳೆಯ ಹಕ್ಕನ್ನು ಅವರೇ ಬಿಟ್ಟುಕೊಟ್ಟಂತಾಯಿತು.

ಈ ವಿಚಾರದಲ್ಲಿ ಹೊರಲೋಕದ ಎರಡು ಊರುಗಳನ್ನು ಹೋಲಿಸುವುದು ಉಪಯುಕ್ತ. ಹಂಪೆಯನ್ನು ಇಟಲಿಯ ಪಾಂಪೆಗೆ ಹೋಲಿಸುವ ವಾಡಿಕೆಯುಂಟು. ಹೆಸರಿನ ಸಾಮ್ಯವೂ ಅದಕ್ಕೆ ನೆರವಾಗಿದೆ. ಆದರೆ ಹೋಲಿಕೆ ಸರಿಯಲ್ಲ. ಪಾಂಪೆಯು ಕ್ರಿ.ಶ. ೭೯ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿ, ೧೭೪೮ರಿಂದ ಅಗೆತಕ್ಕೆ ಒಳಗಾದ ಊರು. ಅಲ್ಲಿ ನಿಂತುಹೋದ ಬಾಳನ್ನು ನಿಂತಂತೆಯೇ ನೋಡುವುದು. ಹಂಪೆಗೆ ಹತ್ತಿರವಾದ ಹೋಲಿಕೆ ಸ್ಪೇನಿನ ಮೆಡಿಟರೇನಿಯನ್ ದಡದ ತಾರಗೋನ. ರೋಮನರ ಕಾಲದಲ್ಲಿ ಒಂದು ದೊಡ್ಡ ಪ್ರಾಂತದ ರಾಜಧಾನಿಯಾಗಿದ್ದ ಆ ಪಟ್ಟಣದಲ್ಲಿ ಕಡಲಿಗೆ ಮುಖಮಾಡಿ ರೋಮನರ ರಂಗಮಂಡಲವಿದೆ. ರಥಗಳ ಪಂದ್ಯ ನಡೆಯುತ್ತಿದ್ದ ಬಯಲಿನ ಕಮಾನುಗಳ ಮೇಲೆ ಮುಂದಿನ ಶತಮಾನಗಳ ಜನ ಮನೆಗಳನ್ನು ಕಟ್ಟಿದರು. ಆ ಮನೆಗಳಲ್ಲಿ ಇಂದಿಗೂ ಜನರಿದ್ದಾರೆ. ಅಲ್ಲಿ ಪ್ರಾಚೀನವನ್ನು ನೋಡುವವನು ಅಂಗಡಿಯ ಹಿಂದಣ ಗೋಡೆಯನ್ನೂ ನೋಡಬೇಕಾಗುತ್ತದೆ. ಯುನೆಸ್ಕೋ ಸಂಸ್ಥೆಯು ೨೦೦೦ದಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದಾಗ ಮನೆಗಳು ಪ್ರಾಚೀನತೆಗೆ ಕಳಂಕವೆಂದು ಯಾರೂ ಎಣಿಸಲಿಲ್ಲ.

ಹಂಪೆಯು ಆ ಪಟ್ಟಿಗೆ ಸೇರಿದುದು ೧೯೮೬ರಲ್ಲಿ. ವಿರೂಪಾಕ್ಷನ ಗುಡಿಯ ಮುಂದಣ ತೇರಬೀದಿಯ ಮಂಟಪಗಳಲ್ಲಿ ಅಂಗಡಿ ಮನೆಗಳನ್ನು ಮಾಡಿಕೊಂಡಿದ್ದ ಕುಟುಂಬಗಳನ್ನು ೨೦೧೧ರಲ್ಲಿ ಅಲ್ಲಿಂದ ತೆರವುಗೊಳಿಸಲಾಯಿತು. ಮಂಟಪದ ಕಂಬಗಳಿಗೆ ಇಟ್ಟಿಗೆಯ ಗೋಡೆ ಸೇರಿಸುವುದರಿಂದ ಕಟ್ಟಡಕ್ಕೆ ಕೇಡೆಂಬ ವಾದದಲ್ಲಿ ಹುರುಳಿದೆ; ಅದನ್ನು ತಳ್ಳಿಹಾಕಲಾಗದು. ವಿಚಾರಿಸಬೇಕಾದುದು ಬೇರೆ. ಆ ಬೀದಿಯು ಕಟ್ಟಿದ ದಿನದಿಂದ ಪೇಟೆಯಾಗಿಯೇ ಇದ್ದುದು. ಪಾಯೆಸನು ನಗರದಲ್ಲಿ ಕಂಡದ್ದೂ ಪೇಟೆಗಳನ್ನೇ. ಕೊಳ್ಳುವವರೂ ಮಾರುವವರೂ ಇಲ್ಲದ ಬೀದಿಯು ಈಗ ಚಿತ್ರ ತೆಗೆಯುವುದಕ್ಕೆ ಅಂದವಾಗಿದೆ, ಹಾಳು ಹಂಪೆಯ ವರ್ಣನೆಗೆ ಪೂರ್ತಿಯಾಗಿ ಒಪ್ಪುತ್ತದೆ. ಬರೆಹಗಾರರು ನೂರು ವರ್ಷ ಕಾಲ ಹಾಳೆಂದು ಬರೆದುದು ಕಡೆಗೆ ಆ ಬೀದಿಯ ಮಟ್ಟಿಗೆ ನಿಜವಾಯಿತು. ತೆರವಿಗೆ ಬರೆಹವೇ ಕಾರಣವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ಆ ಬೀದಿಯಲ್ಲಿ ನಡೆದುಹೋದ ಪ್ರವಾಸಿಗರಲ್ಲಿ ಹೆಚ್ಚಿನವರ ಬರೆಹದಲ್ಲಿ ಅಲ್ಲಿ ಬಾಳುತ್ತಿದ್ದವರಿಗೆ ಒಂದು ಸಾಲೂ ದೊರೆಯಲಿಲ್ಲ. ಬರೆಹದಲ್ಲಿ ಇಲ್ಲದವರನ್ನು ಬೀದಿಯಲ್ಲಿಯೂ ಇಲ್ಲವಾಗಿಸುವುದು ಸುಲಭ.

ಹಾಳು ಎಂಬ ಮಾತು ಕಾಣಿಸದ ಇನ್ನೊಂದು ವಸ್ತುವುಂಟು. ಅದು ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಸಾಮಾನ್ಯವಾದದ್ದು; ಆದುದರಿಂದಲೇ ಕಣ್ಣಿಗೆ ಬೀಳದು. ವಿಜಯನಗರದವರು ತುಂಗಭದ್ರೆಗೆ ಅಲ್ಲಲ್ಲಿ ಕಲ್ಲಿನ ಅಣೆಗಳನ್ನು ಹಾಕಿ ಎರಡು ದಡಗಳಿಗೂ ಕಾಲುವೆಗಳನ್ನು ತೆಗೆದರು. ತೆಂಕಣ ದಡದ ತುರ್ತಾ ಕಾಲುವೆ, ಬಸವಣ್ಣ ಕಾಲುವೆಗಳಂತೆಯೇ ಬಡಗಣ ದಡದಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿ ಕಾಲುವೆಗಳಿವೆ. ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ಮುಗಿದಾಗ ಹಳೆಯ ಅಣೆಗಳಲ್ಲಿ ಕೆಲವು ಜಲಾಶಯದೊಳಗೆ ಮುಳುಗಿದುವು. ಉಳಿದ ಕಾಲುವೆಗಳಲ್ಲಿ ಇಂದಿಗೂ ನೀರು ಹರಿಯುತ್ತದೆ. ತಾರಗೋನದ ಹೊರಗೆ ಎರಡು ಅಂತಸ್ತಿನ ಕಮಾನುಗಳ ಮೇಲೆ ನಿಂತಿರುವ ರೋಮನರ ಮೇಲ್ಗಾಲುವೆಯನ್ನು ನೋಡಲು ಜನರು ದೂರದೂರದಿಂದ ಹೋಗುವರು. ಅದು ಅತ್ಯಂತ ಸುಂದರವಾಗಿದೆ. ಆದರೆ ಅದರಲ್ಲಿ ನೀರಿಲ್ಲ. ಆನೆಗೊಂದಿಯ ಗದ್ದೆಯ ಬದುವಿನಲ್ಲಿ ಹರಿಯುವ ಕಾಲುವೆಗೆ ಅಂತಹ ಕಮಾನುಗಳ ಚೆಲುವಿಲ್ಲ, ನೋಡಲು ಬರುವವರೂ ಇಲ್ಲ; ನೀರಿದೆ. ಕೈಪಿಡಿಗಳು ಕಲ್ಲಿನ ತೇರಿಗೆ ಒಂದು ಪುಟವನ್ನು ಕೊಟ್ಟರೆ ಈ ಕಾಲುವೆಗಳಿಗೆ ಒಂದು ಸಾಲನ್ನು ಕೊಡುವುವು.

ಸಾಮ್ರಾಜ್ಯದ ನಿಜವಾದ ಅವಶೇಷ ಯಾವುದು? ಒಡೆದ ಮೂರ್ತಿಯೂ ಅಹುದು. ಆದರೆ ಅರಸು ಅಳಿದ ಮೇಲೂ, ದಂಡು ಬಂದು ಹೋದ ಮೇಲೂ, ನಿಜಾಮರು ಕುಂಪಣಿಯವರು ಆಳಿ ತೆರಳಿದ ಮೇಲೂ ನಿಲ್ಲದೆ ಬತ್ತಕ್ಕೆ ನೀರೆರೆಯುತ್ತಿರುವ ಕಾಲುವೆಯು ಇನ್ನೂ ಹೆಚ್ಚಾಗಿ ಅಹುದು. ಅದನ್ನು ಅವಶೇಷವೆಂದು ಕರೆಯಲು ಮನಸ್ಸು ಒಪ್ಪದಿರುವುದಕ್ಕೆ ಕಾರಣವಿಷ್ಟೇ: ಅದು ಹಾಳಾಗಿಲ್ಲ. ಹಾಳಾಗಿರುವುದನ್ನು ಮಾತ್ರ ಚರಿತ್ರೆಯೆಂದು ತಿಳಿಯುವ ಗದ್ಯವು ಬಾಳುತ್ತಿರುವ ಚರಿತ್ರೆಯ ಮುಂದೆ ಕುರುಡಾಗುವುದು. ಈ ಕುರುಡಿಗೆ ಬೆಲೆ ತೆರಬೇಕಾಗುತ್ತದೆ. ಈಚಿನ ವರ್ಷಗಳಲ್ಲಿ ಈ ಹಳೆಯ ಕಾಲುವೆಗಳ ಆಧುನೀಕರಣದ ಕಾಮಗಾರಿ ನಡೆದಿದೆ. ನೀರು ಪೋಲಾಗದೆ ಕಡೆಯ ಗದ್ದೆಯನ್ನು ಮುಟ್ಟಬೇಕೆಂಬ ಒಕ್ಕಲಿಗರ ಬೇಡಿಕೆ ನ್ಯಾಯವಾದದ್ದು. ಆದರೆ ಹಳೆಯ ತೂಬು, ಅಣೆ, ಕಲ್ಲುಕಟ್ಟಡಗಳಲ್ಲಿ ಯಾವುದನ್ನು ಹೇಗೆ ಉಳಿಸಿಕೊಂಡು ಆ ಕೆಲಸವನ್ನು ಮಾಡಬೇಕೆಂದು ಕೇಳುವುದಕ್ಕೆ ಅವುಗಳನ್ನು ನೋಡಿ ಬರೆದಿಟ್ಟವರಿರಬೇಕು. ವಿಠ್ಠಲನ ಗುಡಿಯ ಒಂದು ಕಂಬಕ್ಕೆ ಊನವಾದರೆ ನಾಡೆಲ್ಲ ಮಾತನಾಡುವುದು, ಏಕೆಂದರೆ ಆ ಕಂಬವು ನೂರು ಪುಸ್ತಕಗಳಲ್ಲಿದೆ. ಕಾಲುವೆಯ ತೂಬು ಎಷ್ಟು ಪುಸ್ತಕಗಳಲ್ಲಿದೆ?

ಮುಂದೆ ಬರೆಯುವವರಿಗೆ ವಿಮರ್ಶೆಯು ಸೂಚಿಸಬಹುದಾದ ದಾರಿ ಹೊಸದೇನೂ ಅಲ್ಲ. ಪಾಯೆಸನು ನಡೆದ ದಾರಿಯೇ. ಹೊಳೆಯನ್ನು ದಾಟಬೇಕು. ದಾಟುವ ಹರಿಗೋಲನ್ನೂ ಅದರ ಹುಟ್ಟು ಹಿಡಿದವನನ್ನೂ ನೋಡಬೇಕು. ಆನೆಗೊಂದಿಯಲ್ಲಿ ಗಗನಮಹಲನ್ನು ಕಂಡ ಮೇಲೆ ಅದರ ಸುತ್ತಣ ಬೀದಿಗಳಲ್ಲಿ ಬಾಳುವವರನ್ನೂ ಕಾಣಬೇಕು. ನವವೃಂದಾವನಕ್ಕೂ ಅಂಜನಾದ್ರಿಗೂ ಹೋಗುವ ಭಕ್ತರ ಗುಂಪನ್ನು ಅಡ್ಡಿಯೆಂದು ಭಾವಿಸದೆ, ಹರಿಹರನ ಕಾಲದಿಂದ ಬಂದ ಪಂಪಾಯಾತ್ರೆಯ ಮುಂದುವರಿಕೆಯೆಂದು ಎಣಿಸಬೇಕು. ಕೊಪಣವನ್ನೂ ಕುಮ್ಮಟವನ್ನೂ ಹಿರೇಬೆಣಕಲ್ಲನ್ನೂ ನೋಡಿದ ಕಣ್ಣಿನಿಂದ ಹಂಪೆಯನ್ನು ನೋಡಬೇಕು. ಶೋಕಿಸಬೇಕಾದಲ್ಲಿ ಶೋಕಿಸಲಿ, ಭಗ್ನಮೂರ್ತಿಯ ಮುಂದೆ ನಗುವವನನ್ನು ಯಾರೂ ರಸಿಕನೆನ್ನರು. ಆದರೆ ಆ ಶೋಕವನ್ನು ಬರೆದು ಮುಗಿಸಿದ ಮೇಲೆ ಲೇಖನಿಯಲ್ಲಿ ಮಸಿ ಉಳಿದಿರಲಿ.

ಮಳೆಗಾಲದಲ್ಲಿ ಗಂಗಾವತಿಯ ಸೀಮೆಯ ಗದ್ದೆಗಳಲ್ಲಿ ನಾಟಿ ನಡೆಯುವಾಗ, ರಾಯರ ಕಾಲುವೆಯ ತೂಬನ್ನು ಎತ್ತುವ ಒಕ್ಕಲಿಗನಿಗೆ ವಿಜಯನಗರವು ಹಾಳಾಯಿತೆಂದು ಹೇಳಿದರೆ ಅವನು ಆ ಮಾತನ್ನು ಅಲ್ಲಗಳೆಯಲಾರನು. ಹಾಗೆಂದು ತೂಬನ್ನೂ ಕೆಳಗಿಳಿಸಲಾರನು. ಆ ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಬಲ್ಲ ಗದ್ಯವು ಹಂಪೆಗೆ ಇನ್ನೂ ದೊರೆಯಬೇಕಾಗಿದೆ.